ಬೆನ್ನಿಗೊಂದು ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಬೆನ್ನ ಮಚ್ಚೆಗೆ?

ಬಂಡಬರ್ಗ್ ಊರು, ಜುಲೈ ತಿಂಗಳು,
ಕಬ್ಬಿನ ಗದ್ದೆ ಸುಡುವ ಕಾಲ.
ಕರಿ ಬೂದಿ ಎಳೆ ಎಳೆಯಾಗಿ ಇಳಿದು
ಕಾರುಗಳ ಮೇಲೆ, ಹಗ್ಗದ ಬಿಳಿ ಅಂಗಿಗಳ ಮೇಲೆ
ಒಂದೊಂದೇ ಮಚ್ಚೆ ಇಡುತ್ತದೆ.
ಔಷಧದಂಗಡಿಯ ಮಗ್ಗುಲಲ್ಲಿ ನಮ್ಮ ಚರ್ಮದ ಕ್ಲಿನಿಕ್.
ನಾನಿಲ್ಲಿ ನರ್ಸು. ಬೇರೆಯವರ ತೊಗಲು ಓದಿ
ಪರದೆಗೆ ಇಳಿಸುವುದು ಕಸುಬು.

ಪರದೆಯಲ್ಲೊಬ್ಬ ಮನುಷ್ಯನಿದ್ದಾನೆ, ಬರಿಯ ಗೆರೆಯವನು.
ಮುಂದಿನಿಂದೊಂದು ಚಿತ್ರ, ಹಿಂದಿನಿಂದೊಂದು.
ಅವನಿಗೆ ಕಿವಿಯಿಲ್ಲ, ಬೆರಳ ಸಂದಿಯಿಲ್ಲ, ಅಂಗಾಲಿಲ್ಲ,
ನೆತ್ತಿಯೂ ಇಲ್ಲ, ಬಿಸಿಲು ಮೊದಲು ಬಂದು ಕೂರುವ ಜಾಗ.
ಬಣ್ಣ ಕೇಳಿದರೆ ನಾಲ್ಕೇ ಕೊಡುತ್ತಾನೆ:
ಗುಲಾಬಿ, ಕೆಂಪು, ಕಂದು, ಕಪ್ಪು.
ನನ್ನ ಮೊಣಕೈಯ ಇಸುಬು ದಾಖಲಾದ ದಿನ
'ಕೆಂಪು' ಒತ್ತದೆ ಮುಂದಕ್ಕೆ ಬಿಡಲೇ ಇಲ್ಲ.
ನನ್ನ ಮೈಯಲ್ಲಿ ಕೆಂಪು ಕೆಂಪಾಗಿ ಬರುವುದಿಲ್ಲ ಮಾರಾಯ,
ನೇರಳೆ ತಿಂದ ನಾಲಿಗೆಯ ಹಾಗೆ ಬರುತ್ತದೆ
ಎನ್ನೋಣವೆಂದರೆ ಅವನಿಗೆ ಕಿವಿ, ಹೇಳಿದೆನಲ್ಲ.

ಮರ್ವಿನ್ ಟ್ರೆಲೋರ್, ಅರವತ್ತೆಂಟು.
ನಲವತ್ತು ವರ್ಷ ಅಂಗಿ ತೊಡದೆ ಟ್ರ್ಯಾಕ್ಟರ್ ಮೇಲೆ ಕೂತ ಬೆನ್ನು.
ಅಂಥ ಬೆನ್ನಲ್ಲಿ ಒಂದು ಮಚ್ಚೆ ಹುಡುಕುವುದು
ಚೆಲ್ಲಿದ ರಾಗಿಯಲ್ಲಿ ಸಾಸಿವೆ ಆರಿಸಿದ ಹಾಗೆ.
ಆರು ಭೇಟಿ. ಆರು ಸಲವೂ
'ಹಿಂದಿನಂತೆಯೇ' ಎಂಬ ಗುಂಡಿ ಒತ್ತಿದ್ದೇವೆ.
ಒತ್ತಿದವರಲ್ಲಿ ನಾನೂ ಒಬ್ಬಳು, ಎರಡು ಬಾರಿ.
ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು, ಬೇರೆ ಕಾರಣವಿಲ್ಲ.
ಫೋಟೋಗಳಿದ್ದವು. ಬೇರೆ ಕಡತದಲ್ಲಿ, ಬೇರೆ ಪಾಸ್‌ವರ್ಡಿನ ಹಿಂದೆ,
ಕ್ಯಾಮೆರಾ ತಾನೇ ಇಟ್ಟುಕೊಂಡ ನಂಬರುಗಳ ಹೆಸರಲ್ಲಿ.

ಏಳನೆಯ ಸಲ ಹೆಂಡತಿ ಬೆರಿಲ್ ಜೊತೆಗೆ ಬಂದಳು.
ಎರಡೂ ಕಣ್ಣಿಗೆ ಪೊರೆ, ಆಪರೇಷನ್ನಿಗೆ ಸರದಿ ಕಾಯುತ್ತಿದ್ದಾಳೆ.
ಬಾಗಿಲ ಚೌಕಟ್ಟು ಸವರಿಕೊಂಡು ಒಳಬಂದವಳು
ಗಂಡನ ಬೆನ್ನ ಮೇಲೆ ಕೈಯಾಡಿಸಿದಳು,
ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ,
ಎಡ ಹೆಗಲೆಲುಬಿನ ಕೆಳಗೆ ನಿಲ್ಲಿಸಿದಳು:
"ಇಲ್ಲಿ. ಈಸ್ಟರಿಗೆ ನುಣ್ಣಗಿತ್ತು.
ಈಗ ಬೆಕ್ಕಿನ ನಾಲಿಗೆ."

ಡಾಕ್ಟರ್ ಕ್ವಿಗ್ಲಿ ಭೂತಗನ್ನಡಿ ಹಿಡಿದು ನೋಡಿದರು.
ಅದನ್ನಿಟ್ಟು ಮುಟ್ಟಿದರು.
ಆಮೇಲೆ ಮಾತು ಕಡಿಮೆಯಾಯಿತು.
ಚೂರು ಡಬ್ಬಿಗೆ ಬಿದ್ದ ಮೇಲೆ ನಾನು ಪರದೆಗೆ ತಿರುಗಿದೆ:
ಅಗಲವಿದೆ, ಅಂಚಿದೆ, ಬಣ್ಣವಿದೆ,
ಬೆಕ್ಕಿನ ನಾಲಿಗೆಗೆ ಖಾನೆಯಿಲ್ಲ.

ಆ ರಾತ್ರಿ ಪಟ್ಟಿ ಬರೆದೆ. ಮೊದಲು ಕನ್ನಡದಲ್ಲೇ ಬಂತು:
ಗರಗರ, ತರಿತರಿ, ಜಡ್ಡು, ಹಕ್ಕಳೆ, ಮೆತ್ತಗೆ.
ಬೆಳಿಗ್ಗೆ ಬ್ರಿಸ್ಬೇನಿನ ಡಾಮಿರನಿಗೆ ಫೋನು,
ಸಾಫ್ಟ್‌ವೇರಿನ ಒಡಲು ಬಲ್ಲವನು ಅವನೊಬ್ಬನೇ.
ಸ್ಪರ್ಶಕ್ಕೊಂದು ಖಾನೆ. ಹೊಸ ಫೋಟೋದ ಪಕ್ಕದಲ್ಲೇ ಹಳೆಯದು.
ಕಿವಿ. ನೇರಳೆ.
ಆ ಗುಂಡಿಯನ್ನು ಕಿತ್ತುಹಾಕು.
ಕಿತ್ತರೆ ಡಾಕ್ಟರುಗಳು ನನ್ನ ತೊಗಲು ಸುಲಿಯುತ್ತಾರೆ, ಎಂದ.
ಸಂತೆಯ ಚೌಕಾಸಿ, ಮುಕ್ಕಾಲು ಗಂಟೆ.
ಗುಂಡಿ ಇರಲಿ, ಎರಡೂ ಫೋಟೋ ತೆರೆಯದೆ ಒತ್ತಿಸಿಕೊಳ್ಳದಿರಲಿ.
ಕಿವಿ ಅಕ್ಟೋಬರಿಗೆ ಬಂದೀತಂತೆ.

ಇನ್ನೊಂದು ಕೇಳಿದೆ:
'ಮನೆಯಲ್ಲಿ ನಿಮ್ಮ ಬೆನ್ನು ನೋಡುವವರು ಯಾರು?'
ಅದಕ್ಕೆ ಕೋಡ್ ಇಲ್ಲವಲ್ಲ, ಎಣಿಸುವುದು ಹೇಗೆ ಎಂದ.
ಎಣಿಸಬೇಡ, ಬರೆದುಕೊಳ್ಳಲು ಬಿಡು ಎಂದೆ.
ಗೊಣಗುತ್ತಲೇ ಇನ್ನೂರು ಅಕ್ಷರ ಕೊಟ್ಟ.

ಹೊಲಿಗೆ ಬಿಚ್ಚಿಸಲು ಮರ್ವಿನ್ ಬಂದ.
ಬೇರು ಇಳಿದಿರಲಿಲ್ಲ, ಅಂಚೆಲ್ಲ ಸ್ವಚ್ಛ ಎಂದಿತ್ತು ವರದಿ.
ಹೊಸ ಖಾನೆ ತೆರೆದು ಕೇಳಿದೆ.
"ನೋಡುವುದೇ? ಬೆರಿಲ್?
ಕಣ್ಣು ಚೆನ್ನಾಗಿದ್ದಾಗಲೂ ಟಿವಿಯನ್ನೇ ನೋಡುತ್ತಿದ್ದಳು,"
ನಕ್ಕ, ಹೊಲಿಗೆ ಎಳೆದು ಹಲ್ಲು ಕಚ್ಚಿದ.
ಬರೆದೆ: ಹೆಂಡತಿ. ಬೆರಳಿನಿಂದ.
ಉಳಿದ ಅಕ್ಷರಗಳು ಖಾಲಿ ಇವೆ.

ಅಂಗಿ ತೊಟ್ಟು ಎದ್ದವನ ಭುಜದ ಮೇಲೆ
ಕಪ್ಪಗೊಂದು ಚುಕ್ಕೆ, ಅಂಚು ಹರಕು.
ಕಣ್ಣು ಆಗಲೇ ಅಗಲ ಅಳೆಯತೊಡಗಿತ್ತು.
ಮುಟ್ಟಿದೆ.
ಬೂದಿ.